ಪಗಡೆಹಾಸು ಮತ್ತು ಬಯಲುಲೋಕ: ಬೆಳ್ವೊಲದ ನೆಲದಿಂದ ಆಟದ ಕಳದ ಒಂದು ಚರಿತ್ರೆ

ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ನಿಲುವು ಮಗ್ಗದ ಮುಂದೆ ಕುಳಿತು ನೇಯುವ ಹತ್ತಿಯ ಜಮಖಾನೆಗಳಲ್ಲಿ ಪಗಡೆಹಾಸು ಎಂಬುದೊಂದು ಬಗೆಯಿದೆ. ನವಿಲು, ಹೂವು, ಚೌಕಳಿಗಳ ನಡುವೆ ಪಗಡೆಯಾಟದ ನಾಲ್ಕು ತೋಳಿನ ಕಳವನ್ನೇ ಈ ಹಾಸಿನಲ್ಲಿ ನೇಯಲಾಗುತ್ತದೆ. ಅದನ್ನು ಬಟ್ಟೆಯ ಮೇಲೆ ಆಮೇಲೆ ಬರೆಯುವುದಿಲ್ಲ, ಅಚ್ಚೂ ಒತ್ತುವುದಿಲ್ಲ. ಒಂದೊಂದು ಮನೆಯ ಬಣ್ಣ ಬದಲಾದಲ್ಲಿ ಹೊಕ್ಕಿನ ನೂಲನ್ನೂ ಬದಲಿಸಿ, ಪಂಜ ಎಂಬ ಕಬ್ಬಿಣದ ಹಣಿಗೆಯಿಂದ ಪ್ರತಿಯೊಂದು ಎಳೆಯನ್ನು ಕೆಳಕ್ಕೆ ಬಡಿದು ಕೂರಿಸುತ್ತ ಹೋದಂತೆ ಆಟದ ಗೆರೆಗಳು ಬಟ್ಟೆಯ ಮೈಯೊಳಗೇ ಮೂಡುತ್ತವೆ. ವಿಜಾಪುರದ ಆದಿಲಶಾಹಿ ಆಳ್ವಿಕೆಯ ಕಾಲದಲ್ಲಿ ತಮ್ಮ ಹಿರಿಯರು ಅಲ್ಲಿಂದ ವಲಸೆ ಬಂದು ಈ ಊರಿನಲ್ಲಿ ನೆಲೆ ನಿಂತರೆಂಬುದು ಇಲ್ಲಿಯ ನೇಕಾರ ಮನೆತನಗಳಲ್ಲಿ ನಡೆದುಬಂದ ಹೇಳಿಕೆ. ಭೌಗೋಳಿಕ ಸೂಚಿಕೆ, ಅಂದರೆ ಒಂದು ವಸ್ತುವಿನ ಹೆಸರನ್ನು ಅದು ಹುಟ್ಟಿದ ಊರಿಗೆ ಕಾನೂನಿನಿಂದ ಕಟ್ಟಿಡುವ ಮಾನ್ಯತೆ, ಇಂದು ಈ ಜಮಖಾನೆಗಿದೆ. ಆದರೆ ಮಗ್ಗಗಳ ಮುಂದೆ ಕೂರುವ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದು ನೋವಿನ ಸಂಗತಿ.

ಈ ಹಾಸು ಆಟದ ಚರಿತ್ರೆಗೆ ಒಂದು ಒಳ್ಳೆಯ ಆಕರ. ಪಗಡೆಯ ಪ್ರತಿ ತೋಳಿನಲ್ಲಿ ಎಂಟೆಂಟು ಮನೆಗಳ ಮೂರು ಸಾಲುಗಳಿದ್ದು, ನಾಲ್ಕು ತೋಳುಗಳನ್ನು ಕೂಡಿಸಿದರೆ 96 ಮನೆಗಳಾಗುತ್ತವೆ. ನಡುವಿನ ಚೌಕದಿಂದ ಹೊರಟ ಕಾಯಿ ತನ್ನ ತೋಳಿನ ನಡುಸಾಲಿನಲ್ಲಿ ಇಳಿದು, ಹೊರಸುತ್ತನ್ನೆಲ್ಲ ಬಳಸಿ, ಮತ್ತೆ ಅದೇ ನಡುಸಾಲನ್ನು ಏರಿ ಮನೆ ಸೇರಿದಾಗ ಅದು ‘ಹಣ್ಣಾಯಿತು’ ಎನ್ನುತ್ತಾರೆ. ಕಾಯಿ ಹಣ್ಣಾಗುವ ಈ ಮಾತು ಚೌಕಾಬಾರದಲ್ಲಿಯೂ ಇದೆ, ಮತ್ತು ಅದು ಒಕ್ಕಲುತನದ ನಾಡಿನ ಮಾತು: ಕಾಲ ಹಿಡಿಯದೆ ಯಾವುದೂ ಮಾಗುವುದಿಲ್ಲ, ನಡುವೆ ಕಡಿಸಿಕೊಂಡ ಕಾಯಿ ಮೊದಲಿನಿಂದ ನಡೆಯಬೇಕು. ದಾಳ ಉರುಳಿದ ಮೇಲೆ ಬಿದ್ದ ಗರವನ್ನು ಯಾರೂ ಹಿಂದಕ್ಕೆ ಪಡೆಯಲಾರರು, ಇಟ್ಟ ನಡೆಯನ್ನು ಎದುರಿಗೆ ಕುಳಿತ ಮೂವರೂ ಮರೆಯಲಾರರು. ಕಳ ಚಿಕ್ಕದು, ಒಂದು ಹಾಸಿನಷ್ಟು. ಆದರೆ ಅದರ ಮೇಲೆ ನಡೆದುದೆಲ್ಲವೂ ಆಟ ಮುಗಿಯುವವರೆಗೆ ಉಳಿಯುತ್ತದೆ.

ಬೆಳ್ವೊಲ ಮುನ್ನೂರು ಎಂದು ಶಾಸನಗಳು ಕರೆಯುವ ಈ ಎರೆಯ ಸೀಮೆ ದಾಳದ ಪರಿಣಾಮವನ್ನು ಕನ್ನಡಕ್ಕೆ ಹೇಳಿದ ಕವಿಗಳಿಗೂ ನಂಟಿನ ನೆಲ. ಪಂಪನ ತಮ್ಮ ಜಿನವಲ್ಲಭನು ಬರೆಯಿಸಿದ ಕುರ್ಕ್ಯಾಲ ಶಾಸನದಿಂದ ಅವರ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ತಿಳಿದುಬರುತ್ತದೆ. ಆ ಪಂಪನು 941ರಲ್ಲಿ ಮುಗಿಸಿದ ‘ವಿಕ್ರಮಾರ್ಜುನ ವಿಜಯ’ದಲ್ಲಿಯೂ, ಐದು ನೂರು ವರ್ಷಗಳ ಆಚೆಗೆ ಪಕ್ಕದ ಕೋಳಿವಾಡದ ಕುಮಾರವ್ಯಾಸನು ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ರಚಿಸಿದ ಭಾರತದಲ್ಲಿಯೂ ಜೂಜಿನ ಪ್ರಸಂಗವೇ ಕಥೆಯ ತಿರುಗಣಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲರ್ಧದಲ್ಲಿ ಬರೆದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಕ್ರೀಡೆಗಳಿಗೆ ಒಂದು ಇಡೀ ವಿಭಾಗವೇ ಇರುವುದನ್ನು ನೋಡಿದರೆ, ಆಟವನ್ನು ಶಾಸ್ತ್ರವಾಗಿ ವಿವೇಚಿಸುವುದು ಈ ನಾಡಿಗೆ ಹೊಸದಲ್ಲವೆಂಬುದು ಸ್ಪಷ್ಟವಾಗುತ್ತದೆ. ವಿಡಿಯೋ ಗೇಮನ್ನು ಗಂಭೀರ ಚರ್ಚೆಗೆ ತಕ್ಕುದಲ್ಲವೆಂದು ಬದಿಗಿಡುವ ವಿದ್ವಾಂಸರು ಈ ಪರಂಪರೆಯನ್ನು ನೆನೆಯಬೇಕು.

ಹಾಸಿನ ಎದುರು ತುದಿಯಲ್ಲಿರುವುದು ‘ಓಪನ್ ವರ್ಲ್ಡ್’ ಎಂದು ಕರೆಯಲಾಗುವ ಆಟ. ಬಯಲಾಟದ ನಾಡಿನಲ್ಲಿ ಅದನ್ನು ಬಯಲುಲೋಕದ ಆಟ ಎನ್ನಬಹುದು. ಹಂತದಿಂದ ಹಂತಕ್ಕೆ ಒಂದೇ ದಾರಿಯಲ್ಲಿ ಸಾಗುವ ಹಳೆಯ ವಿಡಿಯೋ ಗೇಮುಗಳಲ್ಲಿ ಇಲ್ಲದ ಸ್ವಾತಂತ್ರ್ಯ ಇದರಲ್ಲಿದೆ: ಆಟಗಾರನ ಮುಂದೆ ಊರು, ಕಾಡು, ರಸ್ತೆಗಳಿರುವ ಒಂದು ಸೀಮೆಯನ್ನೇ ಹರಡಿ, ಯಾವ ದಿಕ್ಕಿಗೆ ಯಾವಾಗ ಹೋಗಬೇಕೆಂಬುದನ್ನು ಅವನಿಗೇ ಬಿಡಲಾಗುತ್ತದೆ. ಕೇಂಬ್ರಿಜ್ ವಿದ್ಯಾರ್ಥಿಗಳಾಗಿದ್ದ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಎಂಬವರು 1984ರಲ್ಲಿ ರಚಿಸಿದ ‘ಎಲೀಟ್’ ಈ ಬಗೆಯ ಮೂಲಪುರುಷ. 32 ಕಿಲೋಬೈಟ್ ಸ್ಮೃತಿಯ ಪುಟ್ಟ ಗಣಕದಲ್ಲಿ ಅವರು ತಲಾ 256 ಗ್ರಹಗಳ ಎಂಟು ತಾರಾಮಂಡಲಗಳನ್ನು ಅಡಗಿಸಿದ್ದರು. 2001ರ ‘ಗ್ರ್ಯಾಂಡ್ ಥೆಫ್ಟ್ ಆಟೊ 3’ ಆ ಬಯಲನ್ನು ನಗರಕ್ಕೆ ತಂದಿತು, ಮರುವರ್ಷದ ‘ವೈಸ್ ಸಿಟಿ’ ಮತ್ತು 2004ರ ‘ಸ್ಯಾನ್ ಆಂಡ್ರಿಯಾಸ್’ ಹುಬ್ಬಳ್ಳಿ-ಧಾರವಾಡದ ಸೈಬರ್ ಕೆಫೆಗಳವರೆಗೂ ಬಂದವು. ನವಲಗುಂದ, ಕುಂದಗೋಳ, ಕಲಘಟಗಿಗಳ ಹಳ್ಳಿಗಳಿಗೆ ಇಂಥ ಆಟಗಳು ನಿಜವಾಗಿ ತಲುಪಿದ್ದು 2016ರ ನಂತರ ಅಗ್ಗವಾದ 4ಜಿ ಸಂಪರ್ಕದೊಂದಿಗೆ, ಮೊಬೈಲಿನಲ್ಲಿ; ಎಂಟು ಕಿಲೋಮೀಟರ್ ಉದ್ದಗಲದ ಬಯಲಿನಲ್ಲಿ ನೂರು ಮಂದಿಯನ್ನು ಇಳಿಸಿ ಕೊನೆಗೊಬ್ಬನನ್ನು ಉಳಿಸುವ ಪಬ್‌ಜಿಯನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸುವ ಹೊತ್ತಿಗೆ ಅದರ ಹೆಸರು ತಿಳಿಯದ ಊರು ಉಳಿದಿರಲಿಲ್ಲ.

ಆದರೆ ಈ ಪ್ರಕಾರದ ಶಕ್ತಿ ಮತ್ತು ದೋಷಗಳೆರಡನ್ನೂ ಒಟ್ಟಿಗೆ ತೂಗಲು ತಕ್ಕ ಕೃತಿ 2018ರ ಅಕ್ಟೋಬರ್ 26ರಂದು ಬಿಡುಗಡೆಯಾದ ‘ರೆಡ್ ಡೆಡ್ ರಿಡೆಂಪ್ಶನ್ 2’. ಇದರಲ್ಲಿ ಕರ್ನಾಟಕದ ದುಡಿಮೆಯೂ ಸೇರಿದೆ. ರಾಕ್‌ಸ್ಟಾರ್ ಸಂಸ್ಥೆ ಜಗತ್ತಿನ ಹಲವೆಡೆಯ ತನ್ನ ಸ್ಟುಡಿಯೋಗಳನ್ನು ಒಂದೇ ಕೆಲಸಕ್ಕೆ ಹೂಡಿ ಈ ಆಟವನ್ನು ಕಟ್ಟಿದಾಗ ಅದರ ಬೆಂಗಳೂರಿನ ಸ್ಟುಡಿಯೋ ಕೂಡ ಆ ಕೆಲಸದಲ್ಲಿತ್ತು. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ, ಭಾರತದ ಮೊದಮೊದಲ ಗೇಮ್ ಸ್ಟುಡಿಯೋ ಆದ ಧ್ರುವ ಇಂಟರ್‌ಆ್ಯಕ್ಟಿವ್ 2019ರಲ್ಲಿ ಅದೇ ಸಂಸ್ಥೆಯ ಪಾಲಾಯಿತು.

ಆಟದ ಕಥೆ ನಡೆಯುವುದು 1899ರ ಅಮೆರಿಕದಲ್ಲಿ. ಡಚ್ ವ್ಯಾನ್ ಡರ್ ಲಿಂಡ್ ಎಂಬ ನಾಯಕನ ದರೋಡೆ ಗುಂಪು, ರೈಲು ಹಳಿ, ತಂತಿ ಟಪಾಲು ಮತ್ತು ಬಾಡಿಗೆಯ ಪತ್ತೇದಾರರು ತಮ್ಮ ಬಯಲನ್ನು ದಿನದಿನಕ್ಕೆ ಕಿರಿದುಗೊಳಿಸುತ್ತಿರುವಾಗ, ಬೀಡು ಬದಲಿಸುತ್ತ ಓಡುತ್ತದೆ. ಆಟಗಾರನು ಆ ಗುಂಪಿನ ಆರ್ಥರ್ ಮಾರ್ಗನ್ ಆಗಿ ಬದುಕುತ್ತಾನೆ. ಬೆಳ್ವೊಲದ ಓದುಗನಿಗೆ ಈ ಕಾಲ ದೂರದ್ದೆನಿಸದು. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಗದಗ-ಹುಬ್ಬಳ್ಳಿ ನಡುವೆ ಹಳಿ ಹಾಸಿ ಅಣ್ಣಿಗೇರಿಯ ಹತ್ತಿಯನ್ನು ಕರಾವಳಿಯ ಬಂದರಿನ ದಾರಿ ಹಿಡಿಸಿತ್ತು, 1899-1900ರಲ್ಲಿ ಮುಂಬಯಿ ಪ್ರಾಂತವು ಭೀಕರ ಬರಕ್ಕೆ ಸಿಕ್ಕಿತ್ತು. ಹಳಿ ಬಂದ ಮೇಲೆ ಬಯಲು ಮೊದಲಿನ ಬಯಲಾಗಿ ಉಳಿಯುವುದಿಲ್ಲವೆಂಬ ಆಟದ ಮೂಲ ದುಃಖ ಎರಡು ಖಂಡಗಳಿಗೂ ಒಂದೇ.

ಈ ಆಟದ ಮೊದಲ ದೊಡ್ಡ ಗುಣ ಅದರ ನಿಧಾನ. ಕುದುರೆಗೆ ಮೇವು ಹಾಕಬೇಕು, ಮೈ ತಿಕ್ಕಬೇಕು, ಹೆದರಿದಾಗ ಕೊರಳು ಸವರಿ ಸಮಾಧಾನಪಡಿಸಬೇಕು; ಹಾಗೆ ಮಾಡಿದಷ್ಟೂ ಅದು ಸವಾರನನ್ನು ನಂಬುತ್ತದೆ, ಸತ್ತರೆ ಸತ್ತಿತು. ಬಂದೂಕು ಒರೆಸದಿದ್ದರೆ ಕೆಡುತ್ತದೆ, ಗಡ್ಡ ದಿನಗಳೆದಂತೆ ಬೆಳೆಯುತ್ತದೆ, ಬೇಟೆಯಾಡಿದ ಪ್ರಾಣಿಯ ಹೆಣವನ್ನು ಬಿಟ್ಟುಹೋದರೆ ಕೊಳೆಯುತ್ತದೆ. ಎತ್ತಿನ ಮೈ ತೊಳೆದು, ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಹಚ್ಚುವ ಸೀಮೆಯಲ್ಲಿ ಬೆಳೆದವರಿಗೆ ಈ ಆರೈಕೆಯ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಅವಸರದ ಆಟಗಾರರು ಇದನ್ನೇ ದೋಷವೆಂದರು. ಒಂದು ಡಬ್ಬಿ ಎತ್ತಲೂ ಬಾಗಬೇಕು, ಒಂದು ಕಪಾಟು ತೆರೆಯಲೂ ಕಾಯಬೇಕು ಎಂಬ ಅವರ ದೂರಿನಲ್ಲಿ ಸ್ವಲ್ಪ ಸತ್ಯವಿದ್ದರೂ, ಮೈಗೆ ಭಾರವಿಲ್ಲದ ಲೋಕ ಲೋಕವೆನಿಸದು ಎಂಬ ರಚನಕಾರರ ನಿಲುವೇ ಹೆಚ್ಚು ಸರಿ.

ಇನ್ನೂ ಆಳವಾದ ಗುಣವೊಂದು ಸಾಲದ ಪ್ರಸಂಗದಲ್ಲಿದೆ. ಆ ಗುಂಪಿನ ಸ್ಟ್ರಾಸ್ ಎಂಬವನು ಬಡವರಿಗೆ ಬಡ್ಡಿಗೆ ಹಣ ಕೊಡುವವನು, ವಸೂಲಿ ಆರ್ಥರ್‌ನ ಪಾಲಿನ ಕೆಲಸ. ಥಾಮಸ್ ಡೌನ್ಸ್ ಎಂಬ ಕೆಮ್ಮುವ, ಬಡಕಲು ಒಕ್ಕಲಿಗನನ್ನು ಆರ್ಥರ್ ಅವನ ಹೊಲದ ಬೇಲಿಗೆ ಒತ್ತಿ ಹೊಡೆಯುವಾಗ ಆ ಕೆಮ್ಮಿನ ರಕ್ತ ಆರ್ಥರ್‌ನ ಮುಖಕ್ಕೆ ಸಿಡಿಯುತ್ತದೆ. ಆ ಗಳಿಗೆಯಲ್ಲಿ ಅದು ನೂರರಲ್ಲೊಂದು ಸಣ್ಣ ಕೆಲಸವೆಂದೇ ತೋರುತ್ತದೆ. ಎಷ್ಟೋ ತಾಸುಗಳ ಆಟದ ಆಚೆಗೆ ಆರ್ಥರ್ ಬೀದಿಯಲ್ಲಿ ಕುಸಿದುಬಿದ್ದು ವೈದ್ಯರಿಂದ ಕ್ಷಯವೆಂದು ತಿಳಿದಾಗ, ಆ ಬೇಲಿ, ಆ ಕೆಮ್ಮು ಆಟಗಾರನ ನೆನಪಿಗೆ ಮರಳಿ ಬರುತ್ತವೆ. ಹೊಡೆದವನು ಆಟಗಾರನೇ, ಗುಂಡಿ ಒತ್ತಿದ್ದು ಅವನ ಬೆರಳೇ. ಬಿದ್ದ ಗರ ಹಿಂದಕ್ಕೆ ಬರದೆಂಬ ಹಾಸಿನ ನಿಯಮವನ್ನು ಬಯಲುಲೋಕವು ಇಲ್ಲಿ ಪೂರ್ತಿಯಾಗಿ ಒಪ್ಪಿಕೊಂಡಿದೆ.

ಅದನ್ನು ಎಲ್ಲೆಡೆ ಒಪ್ಪಿಕೊಳ್ಳದಿರುವುದೇ ಈ ಆಟದ, ಮತ್ತು ಈ ಪ್ರಕಾರದ, ಮುಖ್ಯ ದೋಷ. ಊರೊಂದರಲ್ಲಿ ಹತ್ತು ಜನರನ್ನು ಕೊಂದು ಓಡಿಹೋದ ಆಟಗಾರನು ರೈಲು ನಿಲ್ದಾಣದ ಟಪಾಲು ಕಿಟಕಿಯಲ್ಲಿ ತನ್ನ ತಲೆಗೆ ಕಟ್ಟಿದ ಬೆಲೆಯನ್ನು ತೆತ್ತರೆ ಆ ಊರಿನ ಕಾಯಿದೆ ಅವನನ್ನು ಕ್ಷಮಿಸಿಬಿಡುತ್ತದೆ; ‘ಗ್ರ್ಯಾಂಡ್ ಥೆಫ್ಟ್ ಆಟೊ’ದಲ್ಲಿ ಕೆಲ ಹೊತ್ತು ಅಡಗಿ ಕುಳಿತರೂ ಸಾಕು, ಪೊಲೀಸರ ಬೆನ್ನಟ್ಟುವಿಕೆಯನ್ನು ಸೂಚಿಸುವ ನಕ್ಷತ್ರಗಳು ಪರದೆಯಿಂದ ಆರಿಹೋಗುತ್ತವೆ. ನಿಜದ ಬಯಲು ಹೀಗೆ ಮರೆಯುವುದಿಲ್ಲ. ಮಲಪ್ರಭಾ ಅಚ್ಚುಕಟ್ಟಿನ ಕರದ ಹೊರೆಯ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ನರಗುಂದ-ನವಲಗುಂದಗಳಲ್ಲಿ ಗೋಲಿಬಾರ್ ನಡೆದು ರೈತರು ಸತ್ತರು. ಆ ಗುಂಡುಗಳಿಂದ ರಾಜ್ಯದ ರೈತ ಚಳವಳಿಯೇ ಹೊಸ ರೂಪ ತಳೆಯಿತು, ಇಂದಿಗೂ ಪ್ರತಿ ವರ್ಷ ಆ ದಿನ ರೈತರು ಹುತಾತ್ಮರಿಗೆ ಮಾಲೆ ಹಾಕಲು ಸೇರುತ್ತಾರೆ. ಒಂದು ಗುಂಡಿನ ಸದ್ದು ನಾಲ್ಕು ದಶಕ ಉಳಿಯುವ ನೆಲದಿಂದ ನೋಡಿದಾಗ, ಮರುದಿನದ ಹೊತ್ತಿಗೆ ಎಲ್ಲವನ್ನೂ ತೊಳೆದುಕೊಳ್ಳುವ ಬಯಲು ಎಷ್ಟೇ ಸುಂದರವಾಗಿದ್ದರೂ ಪೊಳ್ಳೆನಿಸುತ್ತದೆ.

ಎರಡನೆಯ ದೋಷ ಇದಕ್ಕೆ ತದ್ವಿರುದ್ಧವಾದದ್ದು. ಬಯಲಿನಲ್ಲಿ ಎಲ್ಲಿ ಬೇಕಾದರೂ ಅಲೆಯಬಹುದಾದ ಅದೇ ಆಟಗಾರನು, ಕಥೆಯನ್ನು ಮುಂದಕ್ಕೊಯ್ಯುವ ‘ಮಿಷನ್’ ಎಂಬ ನಿಯೋಜಿತ ಕೆಲಸಕ್ಕೆ ಇಳಿದ ಕೂಡಲೇ, ತೋರಿಸಿದ ದಾರಿಯಿಂದ ತುಸು ಸರಿದರೂ ಸೋತನೆಂದು ಆಟ ನಿಂತುಬಿಡುತ್ತದೆ. ಪಗಡೆಯಲ್ಲಿ ದಾರಿ ಗೊತ್ತುಮಾಡಿದ್ದರೂ ಯಾವ ಕಾಯಿ ನಡೆಸಬೇಕೆಂಬ ಆಯ್ಕೆ ಕೊನೆಯವರೆಗೂ ಆಡುವವನದು. ಇಲ್ಲಿ ಸೀಮೆಯನ್ನೇ ಕೊಟ್ಟು ಹೆಜ್ಜೆಯನ್ನು ಕಸಿದುಕೊಳ್ಳಲಾಗಿದೆ. ಮೂರನೆಯದು ಆಟದ ಹೊರಗಿನ ದೋಷ. ಬಿಡುಗಡೆಗೆ ಮುನ್ನ ಸಂಸ್ಥೆಯ ಸಹಸ್ಥಾಪಕ ಡ್ಯಾನ್ ಹೌಸರ್ ವಾರಕ್ಕೆ ನೂರು ತಾಸಿನ ದುಡಿಮೆಯ ಮಾತಾಡಿ, ಆಮೇಲೆ ಅದು ತಮ್ಮ ಹಿರಿಯ ಬರಹಗಾರರ ಚಿಕ್ಕ ತಂಡಕ್ಕೆ ಮಾತ್ರ ಸೇರಿದ್ದೆಂದು ಸ್ಪಷ್ಟನೆ ಕೊಟ್ಟರೂ, ಇಡೀ ಉದ್ಯಮದ ವಿಪರೀತ ದುಡಿಮೆಯ ಬಗ್ಗೆ ದೊಡ್ಡ ಚರ್ಚೆ ಎದ್ದಿತು. ಜಮಖಾನೆಯ ನೇಕಾರ್ತಿಯ ಬೆನ್ನುನೋವಾಗಲಿ, ಆಟದ ಮರಗಿಡಗಳಿಗೆ ರೂಪ ಕೊಟ್ಟವರ ನಿದ್ದೆಗೆಟ್ಟ ಕಣ್ಣುಗಳಾಗಲಿ, ಸಿದ್ಧವಾದ ಕಳದ ಮೇಲೆ ಕಾಣಿಸುವುದಿಲ್ಲ.

ಆರ್ಥರ್ ಸತ್ತ ಮೇಲೂ ಆಟ ಮುಂದುವರಿಯುತ್ತದೆ. 1907ರಲ್ಲಿ ಅದೇ ಗುಂಪಿನ ಜಾನ್ ಮಾರ್ಸ್ಟನ್ ಬ್ಯಾಂಕಿನಲ್ಲಿ ಸಾಲ ತೆಗೆದು ಹೊಲ ಕೊಳ್ಳುತ್ತಾನೆ, ಮನೆಗೆ ಹಲಗೆ ಬಡಿಯುತ್ತಾನೆ, ಬೇಲಿಗೆ ಗೂಟ ನೆಡುತ್ತಾನೆ, ಹಸುವಿನ ಹಾಲು ಕರೆಯುತ್ತಾನೆ. ಗುಂಡು ಹಾರಿಸಲೆಂದೇ ಕೊಂಡ ಆಟದಲ್ಲಿ ಇದೆಲ್ಲ ಏಕೆಂದು ಬೇಸರಪಟ್ಟವರುಂಟು. ಒಕ್ಕಲುತನದ ಸೀಮೆಯಿಂದ ನೋಡಿದರೆ ಕಾಯಿ ಹಣ್ಣಾಗುವ ಭಾಗ ಇದೇ. ಆದರೆ ಕೃತಜ್ಞತೆಯ ಹೆಸರುಗಳು ಪರದೆಯ ಮೇಲೆ ಉರುಳಿ ಮುಗಿಯುವ ಹೊತ್ತಿಗೆ, ಜಾನ್ ಹಿಂದೆ ಮಾಡಿದ ಕೊಲೆಯ ಜಾಡು ಹಿಡಿದು ಬಂದ ಇಬ್ಬರು ಸರ್ಕಾರಿ ಪತ್ತೇದಾರರು ದಿಬ್ಬದ ಮೇಲೆ ನಿಂತು, ಆ ಹೊಸ ಬೇಲಿಯನ್ನೂ ಅದರೊಳಗಿನ ಮನೆಯನ್ನೂ ನೋಡುತ್ತಿರುತ್ತಾರೆ.