ಅರಳುಮರಳು ಎಂಬ ಮಾತಿನ ಒಳಗೆ

ಅರವತ್ತಕ್ಕೆ ಅರಳುಮರಳು ಎನ್ನುವುದು ನಮ್ಮಲ್ಲಿ ಹಳೆಯ ಮಾತು. ಹಿರಿಯರು ಹೆಸರು ಮರೆತರೂ ಅದೇ, ಊಟ ಮಾತು ಬಿಟ್ಟು ಮೂಲೆ ಹಿಡಿದರೂ ಅದೇ. ಮರೆವು ಒಂದು, ದುಃಖ ಇನ್ನೊಂದು ಎಂದು ಈ ಮಾತು ಬಿಡಿಸಿ ನೋಡುವುದಿಲ್ಲ. ವೈದ್ಯಶಾಸ್ತ್ರವೂ ಬಹುಕಾಲ ಬಿಡಿಸಿ ನೋಡಿರಲಿಲ್ಲ. ಮುಪ್ಪಿನಲ್ಲಿ ಬರುವ ಮನೋರೋಗವೆಲ್ಲ ಮಿದುಳಿನ ಸವೆತವೆಂದೇ ಅನೇಕ ವೈದ್ಯರು ನಂಬಿದ್ದರು.

ಈ ನಂಬಿಕೆಯನ್ನು ಅಲುಗಾಡಿಸಿದವರಲ್ಲಿ ಮುಖ್ಯರು ಮಾರ್ಟಿನ್ ರಾತ್. ಇಂಗ್ಲೆಂಡಿನ ಚಿಚೆಸ್ಟರ್ ಬಳಿಯ ಗ್ರೇಲಿಂಗ್‌ವೆಲ್ ಮಾನಸಿಕ ಆಸ್ಪತ್ರೆಗೆ ಸೇರಿದ, ಅರವತ್ತು ದಾಟಿದ ರೋಗಿಗಳು ಮುಂದೆ ಏನಾದರು ಎಂದು ಅವರು ಲೆಕ್ಕ ಹಾಕಿದರು. 1955ರಲ್ಲಿ ಪ್ರಕಟವಾದ ಆ ಲೆಕ್ಕ ಸ್ಪಷ್ಟವಾಗಿತ್ತು. ವೃದ್ಧಾಪ್ಯದ ಡಿಮೆನ್ಷಿಯಾ ಇದ್ದವರಲ್ಲಿ ಹೆಚ್ಚಿನವರು ಎರಡು ವರ್ಷದೊಳಗೆ ತೀರಿಕೊಂಡಿದ್ದರು. ಖಿನ್ನತೆಯಂಥ ಕಾಯಿಲೆ ಇದ್ದವರಲ್ಲಿ ಬಹಳಷ್ಟು ಮಂದಿ ಗುಣವಾಗಿ ಮನೆಗೆ ಹೋಗಿದ್ದರು. ಹೊರಗಿನಿಂದ ಒಂದೇ ಎನಿಸಿದ್ದು ಎರಡು ಬೇರೆ ಕಾಯಿಲೆಗಳಾಗಿದ್ದವು.

1961ರಲ್ಲಿ ಮನೋವೈದ್ಯ ಲೆಸ್ಲಿ ಕಿಲೋ ‘ಸ್ಯೂಡೋ ಡಿಮೆನ್ಷಿಯಾ’, ಅಂದರೆ ಹುಸಿ ಡಿಮೆನ್ಷಿಯಾ ಎಂಬ ಶೀರ್ಷಿಕೆಯಲ್ಲಿ ಒಂದು ಲೇಖನ ಬರೆದರು. ಮರೆಗುಳಿಗಳಂತೆ ಕಾಣುತ್ತಿದ್ದ ಕೆಲವರು ಚಿಕಿತ್ಸೆಯಿಂದ ಚೇತರಿಸಿಕೊಂಡಿದ್ದರು. ಇನ್ನು ಮಾಡುವುದೇನೂ ಇಲ್ಲ ಎಂದು ಕೈಬಿಡುವ ಮೊದಲು ಖಿನ್ನತೆ ಇದೆಯೇ ನೋಡಿ ಎಂಬ ಎಚ್ಚರವನ್ನು ಆ ಪದ ಕೊಟ್ಟಿತು. ಎಷ್ಟೋ ಜೀವಗಳಿಗೆ ಅದು ಆಸರೆಯಾಯಿತು.

ಆದರೆ ‘ಹುಸಿ’ ಎಂಬ ಮಾತಿನಲ್ಲೊಂದು ತೊಡಕಿತ್ತು. ಚೇತರಿಸಿಕೊಂಡರೆ ಅಪಾಯ ಕಳೆಯಿತೆಂಬ ಭರವಸೆ ಅದರಲ್ಲಿ ಅಡಗಿತ್ತು. ಜಾರ್ಜ್ ಅಲೆಕ್ಸೋಪೌಲೋಸ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನ ಈ ಭರವಸೆಯನ್ನು ಪರೀಕ್ಷಿಸಿತು. ಖಿನ್ನತೆಯ ಜೊತೆ ಮರೆವೂ ಬಂದು, ಚಿಕಿತ್ಸೆಯ ನಂತರ ಮರೆವು ತಿಳಿಯಾಗಿದ್ದ 23 ವೃದ್ಧರನ್ನು ಸುಮಾರು ಮೂರು ವರ್ಷ ಗಮನಿಸಿದಾಗ, ಶೇ. 43 ಮಂದಿಗೆ ನಿಜವಾದ ಡಿಮೆನ್ಷಿಯಾ ಬಂದಿತ್ತು. ಬರಿಯ ಖಿನ್ನತೆ ಇದ್ದ 34 ಮಂದಿಯಲ್ಲಿ ಇದು ಶೇ. 12. ಸಣ್ಣ ಗುಂಪುಗಳೇ ಆದರೂ ಅಂತರ ದೊಡ್ಡದು.

ಹಾಗಾದರೆ ಖಿನ್ನತೆ ಡಿಮೆನ್ಷಿಯಾಕ್ಕೆ ಕಾರಣವೋ, ಅದರ ಮುನ್ಸೂಚನೆಯೋ? ಬ್ರಿಟನ್ನಿನ ಹತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು 1985ರಿಂದ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನದ 2017ರ ವರದಿ ಎರಡನೆಯದರತ್ತ ಬೆರಳು ತೋರಿತು. ನಡುವಯಸ್ಸಿನ ಖಿನ್ನತೆಗೂ ಮುಂದಿನ ಡಿಮೆನ್ಷಿಯಾಕ್ಕೂ ಅಲ್ಲಿ ನಂಟು ಕಾಣಲಿಲ್ಲ. ಡಿಮೆನ್ಷಿಯಾ ಪತ್ತೆಯಾಗುವುದಕ್ಕೆ ಸುಮಾರು ಹನ್ನೊಂದು ವರ್ಷ ಮೊದಲಿನಿಂದ ಮಾತ್ರ ಖಿನ್ನತೆಯ ಲಕ್ಷಣಗಳು ಏರುತ್ತ ಹೋಗಿದ್ದವು. ವಾದ ಅಲ್ಲಿಗೇ ಮುಗಿಯಲಿಲ್ಲ. 2024ರ ಲ್ಯಾನ್ಸೆಟ್ ಆಯೋಗದ ವರದಿ, ತಗ್ಗಿಸಬಹುದಾದ 14 ಅಪಾಯಕಾರಿ ಅಂಶಗಳ ಪಟ್ಟಿಯಲ್ಲಿ ಖಿನ್ನತೆಯನ್ನೂ ಇಟ್ಟಿದೆ.

ಖಿನ್ನತೆ ಬಂದವರಿಗೆಲ್ಲ ಡಿಮೆನ್ಷಿಯಾ ಬರುತ್ತದೆ ಎಂದು ಇದರರ್ಥವಲ್ಲ. ಆದರೆ ಕಾರಣವಾಗಲಿ, ಸೂಚನೆಯಾಗಲಿ, ಮುಪ್ಪಿನ ದುಃಖವನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಿರುವಂತಿಲ್ಲ. ಖಿನ್ನತೆಗೆ ಮದ್ದಿದೆ. ಗುಣವಾದ ಮೇಲೂ ಆ ಹಿರಿಯರ ನೆನಪಿನ ಮೇಲೆ ನಾಲ್ಕಾರು ವರ್ಷ ಕಣ್ಣಿಟ್ಟಿರಬೇಕು. ರಾತ್ ಬಿಡಿಸಿಟ್ಟ ಎರಡು ಎಳೆಗಳನ್ನು ಈಗ ವೈದ್ಯರು ಒಟ್ಟಿಗೆ ಹಿಡಿದು ನೋಡುತ್ತಿದ್ದಾರೆ. ನಾವು ಮಾತ್ರ ಇನ್ನೂ ಅರಳುಮರಳು ಎಂದು ಎದ್ದು ಹೋಗುತ್ತಿದ್ದೇವೆ.