ಗೋಡೆಯ ಮೇಲಣ ಮೃಗಗಳು

ವಿಜಯಪುರದ ಪೇಟೆಯ ಗದ್ದಲವನ್ನು ಹಿಂದಕ್ಕೆ ಬಿಟ್ಟು, ಭೂತನಾಳದ ಕೆರೆಯ ಏರಿಯ ಮೇಲೆ ಸಂಜೆಯ ಹೊತ್ತಿನಲ್ಲಿ ನಿಲ್ಲುವುದು ನಮಗೆ ಪ್ರಿಯವಾದ ಅಭ್ಯಾಸ. ಒಂದು ದಾರಿ ತಿಕೋಟೆಯ ಕಡೆಗೆ, ಇನ್ನೊಂದು ಬಬಲೇಶ್ವರದ ಕಡೆಗೆ. ಕೆರೆಯ ಬದಿಯ ಗಿಡಮರಗಳನ್ನು ದಾಟಿದರೆ ಎರೆಭೂಮಿಯ ಬಯಲು. ಜೋಳದ ಹೊಲಗಳು ಇಷ್ಟೊಂದು ಒತ್ತಾಗಿ ಹಬ್ಬುವ ಮೊದಲು ಇಂಥ ಬಯಲು ಕೃಷ್ಣಮೃಗದ ನೆಲವಾಗಿದ್ದಿತು. ಹುಲ್ಲೆಯಿದ್ದ ನೆಲದಲ್ಲಿ ಬೇಟೆಯೂ ಇದ್ದಿತೆಂದು ಬೇರೆ ಹೇಳಬೇಕಾಗಿಲ್ಲ. ಒಮ್ಮೆ ನಮ್ಮೊಡನೆ ಅಲ್ಲಿಗೆ ಬಂದಿದ್ದ ವಿದ್ಯಾರ್ಥಿಯೊಬ್ಬನು ಕೇಳಿದನು: “ಸರ್, ಮೈಸೂರ ಅರಮನ್ಯಾಗ ಪ್ರಾಣಿಗಳ್ನ ತುಂಬಿ ನಿಲ್ಲಿಸ್ಯಾರ. ನಮ್ಮ ಬಾದಶಹರೂ ಬ್ಯಾಟಿ ಆಡಿದವರೇ. ಅವರು ಹೊಡದ ಪ್ರಾಣಿ ಎಲ್ಲಿ ಅದಾವರಿ?”

ಆ ಪ್ರಶ್ನೆಗೆ ಅಲ್ಲಿಯೇ ಒಂದು ಉತ್ತರವನ್ನು ಕೊಟ್ಟೆವು. ಊರಿನ ಪಡುವಣ ಕೋಟೆಯಲ್ಲಿ ಸಿಂಹದ ಶಿಲ್ಪಗಳಿಂದ ಹೆಸರು ಪಡೆದ ಷೇರ್ಜಾ ಬುರುಜಿದೆ. ಅದರ ಮೇಲಿರುವ ಮಲಿಕ್-ಇ-ಮೈದಾನ ಫಿರಂಗಿಯನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದರು. ಅದರ ಬಾಯಿ ಆನೆಯನ್ನು ನುಂಗುತ್ತಿರುವ ಸಿಂಹದ ಬಾಯಿ. ಎರಡನೆಯ ಇಬ್ರಾಹಿಮ್ ಆದಿಲ್ ಶಹನು ತನ್ನ ಪ್ರೀತಿಯ ಆನೆ ಆತಶ್ ಖಾನನನ್ನು ‘ಕಿತಾಬ್-ಇ-ನವರಸ್’ನ ಹಾಡುಗಳಲ್ಲಿ ನೆನೆದನು, ಚಿತ್ರಕಾರರು ಅವನನ್ನು ಡೇಗೆಬೇಟೆಯಲ್ಲಿ ಚಿತ್ರಿಸಿದರು. ಆ ಕಾಲದ ಮೃಗಗಳು ಲೋಹದಲ್ಲಿ, ಕಲ್ಲಿನಲ್ಲಿ, ಹಾಡಿನಲ್ಲಿ, ಬಣ್ಣದಲ್ಲಿ ಉಳಿದವು. ಚರ್ಮವನ್ನು ಜೀವಂತ ಮೃಗದಂತೆ ನಿಲ್ಲಿಸುವ ವಿದ್ಯೆ ಆಗ ಇಲ್ಲಿ ರೂಢವಾಗಿರಲಿಲ್ಲ. ನಮ್ಮ ಸೆಕೆಯಲ್ಲಿ ಹಸಿಯ ಚರ್ಮಕ್ಕೆ ಒಂದು ದಿನದ ಆಯುಷ್ಯವೂ ಇಲ್ಲ.

ಬೇಟೆಯಾದರೋ ಬಹಳ ಹಳೆಯದು. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಪಳಗಿಸಿದ ಚೀತಾಗಳನ್ನು ಜಿಂಕೆಯ ಮೇಲೆ ಬಿಡುವ ವಿನೋದವೂ ಸೇರಿದೆ. ಈ ಸೀಮೆಯೂ ಆ ಚಕ್ರವರ್ತಿಯ ರಾಜ್ಯಕ್ಕೇ ಸೇರಿದ್ದಿತು. ಚೀತಾ ಎಂದರೆ ನಮ್ಮ ಚಿರತೆಯಲ್ಲ. ಕನ್ನಡದಲ್ಲಿ ಕೆಲವರು ಸಿವಂಗಿ ಎಂದು ಕರೆದ, ಸಣ್ಣ ತಲೆಯ, ಉದ್ದ ಕಾಲಿನ, ಕಣ್ಣಿನಿಂದ ಬಾಯಿಯ ವರೆಗೆ ಕಣ್ಣೀರಿನಂಥ ಕಪ್ಪುಗೆರೆಯುಳ್ಳ ಓಟದ ಮೃಗ. ಈ ಮೃಗವನ್ನು ಶ್ರೋತೃಗಳು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇವೆ.

ಗೋಡೆಯ ಮೇಲೆ ಮೃಗದ ತಲೆಯನ್ನು ತೂಗುಹಾಕುವ ಪದ್ಧತಿ ನಮ್ಮಲ್ಲಿ ಬಲಿತದ್ದು ಬಂದೂಕಿನೊಡನೆ, ಇಂಗ್ಲಿಷರೊಡನೆ. ಲಂಡನ್ನಿನ ರೋಲೆಂಡ್ ವಾರ್ಡನು 1892ರಲ್ಲಿ ದೊಡ್ಡ ಮೃಗಗಳ ಅಳತೆಯ ದಾಖಲೆಪುಸ್ತಕವನ್ನು ಹೊರಡಿಸಿದ ಮೇಲೆ ಕೊಂಬಿನ ಅಂಗುಲಗಳಿಗೂ ಮಾನ ಅಪಮಾನಗಳಿಗೂ ನಂಟು ಬೆಳೆಯಿತು. ಹುಲಿಯನ್ನು ಮೂಗಿನ ತುದಿಗೊಂದು, ಬಾಲದ ತುದಿಗೊಂದು ಗೂಟ ಹೊಡೆದು ನೇರವಾಗಿ ಅಳೆಯಬೇಕೇ, ಮೈಯ ಏರುತಗ್ಗುಗಳ ಮೇಲೆ ಪಟ್ಟಿಯನ್ನು ಹಾಸಿ ಅಳೆಯಬೇಕೇ ಎಂಬ ವಾದವನ್ನು ದೊರೆಗಳು ನಡೆಯಿಸಿದ ರೀತಿಯಲ್ಲಿ ನಮ್ಮ ಪಂಡಿತರು ಶಾಸ್ತ್ರಾರ್ಥವನ್ನೂ ನಡೆಯಿಸಿರಲಾರರು. ಎರಡನೆಯ ಕ್ರಮದಲ್ಲಿ ಹುಲಿ ಕೆಲವು ಅಂಗುಲ ಬೆಳೆಯುತ್ತದೆ. ಅದು ಯಾರಿಗೆ ಹಿತವೆಂಬುದು ಸ್ಪಷ್ಟ.

ಈ ಹವ್ಯಾಸಕ್ಕೆ ಕಲೆಯ ರೂಪವನ್ನು ಕೊಟ್ಟ ಊರು ಮೈಸೂರು. ಯೂಜೀನ್ ವ್ಯಾನ್ ಇಂಗನ್ ಎಂಬಾತನು 1900ರ ಸುಮಾರಿನಲ್ಲಿ ಅಲ್ಲಿ ಚರ್ಮಪ್ರಸಾಧನದ ಕಾರ್ಖಾನೆಯನ್ನು ತೆರೆದನು. ದಕ್ಷಿಣ ಆಫ್ರಿಕೆಯ ಬೋಯರ್ ಯುದ್ಧದ ಕಾಲ ಅದು. ಡಚ್ ಮೂಲದ ಈ ಮನುಷ್ಯನು ತನ್ನ ಮಕ್ಕಳಿಗೆ ಬೋಥಾ, ಡಿ ವೆಟ್, ಜೂಬೇರ್ ಎಂದು ಇಂಗ್ಲಿಷರ ವೈರಿಗಳಾದ ಬೋಯರ್ ಸೇನಾನಿಗಳ ಹೆಸರುಗಳನ್ನೇ ಇಟ್ಟನು. ಆ ಮಕ್ಕಳ ಗಿರಾಕಿಗಳಲ್ಲಿ ಇಂಗ್ಲಿಷ್ ಅಧಿಕಾರಿಗಳಿಗೇನೂ ಕೊರತೆಯಿರಲಿಲ್ಲವೆಂಬುದು ಬೇರೆ ಮಾತು.

ಕೆಲಸದ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಮೃಗವು ಬಿದ್ದ ಕೆಲವೇ ಗಂಟೆಗಳಲ್ಲಿ ಚರ್ಮವನ್ನು ಸುಲಿದು, ತುಟಿ ಕಿವಿಗಳ ಒಳಭಾಗವನ್ನೂ ಬಿಡಿಸಿ, ಉಪ್ಪು ತಿಕ್ಕಬೇಕು. ತಡವಾದರೆ ಕೂದಲು ಕಳಚಿಹೋಗುವುದು. ಬೇಟೆಗಾರರಿಗೆ ಇದನ್ನೆಲ್ಲ ತಿಳಿಯಹೇಳುವ ಪುಸ್ತಕವನ್ನೇ ಆ ಸಂಸ್ಥೆ ಅಚ್ಚುಹಾಕಿಸಿದ್ದಿತು. ಕಾರ್ಖಾನೆಯಲ್ಲಿ ಚರ್ಮವನ್ನು ಹದಮಾಡಿ, ಅಚ್ಚಿನಲ್ಲಿ ಕಾಗದದ ರೊಟ್ಟಿನಿಂದ ಮಾಡಿದ ಟೊಳ್ಳು ದೇಹದ ಮೇಲೆ ಹೊದಿಸಿ, ಗಾಜಿನ ಕಣ್ಣುಗಳನ್ನು ಇಟ್ಟು, ಮುಖದ ಮಾಂಸಖಂಡಗಳ ಸೆಳೆತವನ್ನು ತಿದ್ದುತ್ತಿದ್ದರು. ಹುಲಿ ಹಲ್ಲು ಕಿರಿದು ಗರ್ಜಿಸುತ್ತಿರುವಂತೆ ಇರಬೇಕೆಂಬುದೇ ಬಹುಜನರ ಅಪೇಕ್ಷೆ. ನಿದ್ದೆಯಲ್ಲಿದ್ದಾಗಲೋ ನೀರಿಗೆ ಬಂದಾಗಲೋ ಗುಂಡು ತಗುಲಿದ ಹುಲಿಗೂ ಈ ರೌದ್ರವೇ ಶಾಶ್ವತ. ಮೃಗದ ಭಯಂಕರತೆ ಹೆಚ್ಚಿದಷ್ಟೂ ಹೊಡೆದವನ ಧೈರ್ಯ ಹೆಚ್ಚಲ್ಲವೆ?

ಪ್ಯಾಟ್ ಮಾರಿಸ್ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞರು ಈ ಸಂಸ್ಥೆಯ ಚರಿತ್ರೆಯನ್ನು ಬರೆದು 2006ರಲ್ಲಿ ಪ್ರಕಟಿಸಿದರು. ಅವರ ಲೆಕ್ಕದಲ್ಲಿ ಆ ಒಂದು ಕಾರ್ಖಾನೆಯಿಂದ ಹೊರಬಿದ್ದ ಹುಲಿ ಚಿರತೆಗಳು 43,000ಕ್ಕೂ ಹೆಚ್ಚು. ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಲ್ಲಿ ಬಂದ ಮೇಲೆ ಕೆಲಸ ಕ್ಷೀಣಿಸಿ, 1999ರಲ್ಲಿ ಬಾಗಿಲು ಮುಚ್ಚಿತು. ಸೋದರರಲ್ಲಿ ಕಡೆಗೆ ಉಳಿದ ಜೂಬೇರ್ ವ್ಯಾನ್ ಇಂಗನ್ ನೂರು ವರ್ಷ ತುಂಬಿದ ಮೇಲೆ, 2013ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು.

ಇಂಥ ತಲೆಗಳ ಕೆಳಗೆ ಹಲಗೆಯೊಂದಿರುವುದು ವಾಡಿಕೆ: ಹೊಡೆದವರು ಯಾರು, ಎಲ್ಲಿ, ಎಂದು, ಎಷ್ಟು ಅಡಿ. ನಾವು ಚರಿತ್ರೆಯವರಾದುದರಿಂದ ಮೊದಲು ಹಲಗೆಯನ್ನು ಓದುತ್ತೇವೆ, ಆಮೇಲೆ ಅದರಲ್ಲಿ ಇಲ್ಲದುದನ್ನು ಹುಡುಕುತ್ತೇವೆ. ಹೆಜ್ಜೆಯನ್ನು ನೋಡಿ ದಾರಿ ಹೇಳಿದ ಕಾಡುಕುರುಬನ ಹೆಸರು, ಸೋವಿನಲ್ಲಿ ತಮಟೆ ಬಡಿದವರ ಹೆಸರು ಅಲ್ಲಿರುವುದಿಲ್ಲ. ನಮ್ಮ ಉತ್ತರದ ಬಯಲುಸೀಮೆಯಲ್ಲಿ ಹರಣಶಿಕಾರಿಗಳೆಂಬ ಜನರಿದ್ದಾರೆ. ಹೆಸರೇ ಜಿಂಕೆಯ ಬೇಟೆಯದು. ಅವರ ಬಳಗದ ಪಾರಧಿಗಳಲ್ಲಿ ಚೀತಾವನ್ನು ಉರುಳಿನಲ್ಲಿ ಜೀವಂತವಾಗಿ ಹಿಡಿದು ಪಳಗಿಸಿ ಅರಸರಿಗೆ ಒಪ್ಪಿಸುತ್ತಿದ್ದವರೂ ಇದ್ದರು. 1871ರಲ್ಲಿ ಹುಟ್ಟಿದ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಂಥ ಬೇಟೆಯ ಜನರ ಮೇಲೆ ಹುಟ್ಟಾ ಅಪರಾಧಿಗಳೆಂಬ ಮುದ್ರೆಯನ್ನು ಒತ್ತಿತು. 1952ರ ವರೆಗೂ ಅದು ಅಳಿಸಲಿಲ್ಲ. ಒಂದೇ ಮೃಗವನ್ನು ಬಂದೂಕಿನಿಂದ ಕೆಡಹಿದವನು ಶಿಕಾರಿಯೆನಿಸಿ ಗೋಡೆಗೆ ಏರಿದನು. ಉರುಳಿನಿಂದ ಹಿಡಿದವನು ಪೊಲೀಸರ ಹಾಜರಿಪಟ್ಟಿಗೆ ಏರಿದನು.

ಈಗ ಚೀತಾದ ಮಾತಿಗೆ ಮರಳೋಣ. ವಿಜಯಪುರಕ್ಕೆ ನೆರೆಯದೇ ಆದ ಕೊಲ್ಹಾಪುರದ ಅರಸರು ಚೀತಾಬೇಟೆಗೆ ಪ್ರಸಿದ್ಧರು. ಅಲ್ಲಿಯ ಹೊಸ ಅರಮನೆಯ ವಸ್ತುಸಂಗ್ರಹದಲ್ಲಿ ಇಂದಿಗೂ ತುಂಬಿದ ಮೃಗಗಳ ಕೊಠಡಿಯಿದೆ. ಆದರೆ ಇಪ್ಪತ್ತನೆಯ ಶತಮಾನದ ಹೊತ್ತಿಗೆ ನಮ್ಮ ಬಯಲುಗಳಲ್ಲಿ ಚೀತಾ ಸಿಕ್ಕುವುದೇ ದುರ್ಲಭವಾಗಿ, ಸಂಸ್ಥಾನಗಳವರು ಆಫ್ರಿಕದಿಂದ ತರಿಸತೊಡಗಿದರು: 1918ರಿಂದ 1945ರ ವರೆಗೆ ಸುಮಾರು 200. ಪಡೆಯಲು ಹಣವಿದ್ದಾಗ ಕಳೆದುಕೊಂಡದ್ದು ಕಣ್ಣಿಗೆ ಬೀಳುವುದಿಲ್ಲ.

1947ರಲ್ಲಿ ಮಧ್ಯಭಾರತದ ಕೊರಿಯಾ ಸಂಸ್ಥಾನದ ಮಹಾರಾಜ ರಾಮಾನುಜ ಪ್ರತಾಪ ಸಿಂಗ್ ದೇವನು ರಾತ್ರಿ ಮೋಟಾರಿನಲ್ಲಿ ಹೋಗುತ್ತಿರುವಾಗ ಮೂರು ಗಂಡು ಚೀತಾಗಳನ್ನು ಒಟ್ಟಿಗೆ ಹೊಡೆದನು. ಆ ವಾರ್ತೆ 1948ರಲ್ಲಿ ಮುಂಬಯಿಯ ನಿಸರ್ಗ ಚರಿತ್ರೆ ಸಂಘದ ಪತ್ರಿಕೆಯಲ್ಲಿ ‘ಸ್ವಾರಸ್ಯದ ಶಿಕಾರಿ ಟ್ರೋಫಿಗಳು’ ಎಂಬ ಅರ್ಥದ ತಲೆಬರಹದಲ್ಲಿ, ಮೈಸೂರಿನ ವ್ಯಾನ್ ಇಂಗನ್ ಸಂಸ್ಥೆಯ ಹೆಸರಿನಿಂದ ಅಚ್ಚಾಯಿತು. ಸಂಪಾದಕರಿಗೆ ಅದನ್ನು ಓದಿ ಹೇಸಿಗೆ ಹುಟ್ಟಿತು. ಮೆಚ್ಚುಗೆಯಿಂದಲ್ಲ, ದೋಷಾರೋಪಣೆಯಾಗಿ ಅಚ್ಚುಹಾಕುತ್ತಿದ್ದೇವೆಂದು ಅವರು ಟಿಪ್ಪಣಿ ಸೇರಿಸಿದರು. 1952ರಲ್ಲಿ ಭಾರತದಿಂದ ಚೀತಾ ಅಳಿಯಿತೆಂದು ಸಾರಲಾಯಿತು. ಹೊಡೆದವನ ಕೀರ್ತಿಗೆಂದು ಕಳುಹಿಸಿದ ವಾರ್ತೆಯೇ ಆ ಮೃಗದ ಮರಣಪತ್ರವಾಗಿ ನಿಂತಿತು.

ಇನ್ನೊಂದು ಸಂಗತಿಯುಂಟು. ಮೈಸೂರಿನ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ 1850ರಿಂದ 1900ರ ನಡುವಣದೆಂದು ಎಣಿಸಿದ ಚೀತಾದ ಎಲುಬಿನ ಚೂರೊಂದಿದ್ದಿತು. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದವರೂ ಅವರ ಸಹೋದ್ಯೋಗಿಗಳೂ ಅದರಿಂದ ಡಿಎನ್‌ಎ ತೆಗೆದು ಪರೀಕ್ಷಿಸಿ, 2020ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆ ಎಲುಬಿನ ತಾಯಿಯ ಕಡೆಯ ವಂಶ ಈಶಾನ್ಯ ಆಫ್ರಿಕದ ಚೀತಾಗಳದು. ಅಂದರೆ ಕಡಲು ದಾಟಿಸಿ ಮೃಗ ತರಿಸುವ ವ್ಯಾಪಾರ ನಾವು ಹೇಳಿದ 1918ಕ್ಕಿಂತಲೂ ಹಿಂದಿನದಿರಬಹುದು. ಎರಡು ವರ್ಷಗಳ ತರುವಾಯ, 2022ರ ಸೆಪ್ಟೆಂಬರ್ 17ರಂದು, ನಮೀಬಿಯದಿಂದ ವಿಮಾನದಲ್ಲಿ ಬಂದ ಎಂಟು ಚೀತಾಗಳನ್ನು ಮಧ್ಯಪ್ರದೇಶದ ಕುನೋ ಅರಣ್ಯದಲ್ಲಿ ಇಳಿಸಿದರು.

ಇದನ್ನೆಲ್ಲ ಆ ವಿದ್ಯಾರ್ಥಿಗೆ ಮತ್ತೊಂದು ಸಂಜೆ ಅದೇ ಏರಿಯ ಮೇಲೆ ಹೇಳಿದೆವು. ಅವನು ಬಬಲೇಶ್ವರದ ಕಡೆಯ ಬಯಲನ್ನು ಬಹಳ ಹೊತ್ತು ನೋಡಿ, “ಹಂಗಾರ ಇಲ್ಲಿ ಓಡಿದ್ದು ಯಾವುದರಿ, ನಮ್ಮದೋ ತರಿಸಿದ್ದೋ?” ಎಂದನು. ಸೋಮೇಶ್ವರನ ಕಾಲದ್ದಾದರೆ ನಮ್ಮದೇ ಎಂದೆವು. ಅಷ್ಟರಲ್ಲಿ ಕತ್ತಲಾಗಿದ್ದಿತು, ಊರಿಗೆ ಹೊರಟೆವು.