ಮೇಸ್ತ್ರಿಯ ಮುಂಗಡದಿಂದ ಏಜೆಂಟನ ಶುಲ್ಕದವರೆಗೆ

ಮುಡುಕುತೊರೆಯ ದನಗಳ ಜಾತ್ರೆ ಹಳೆ ಮೈಸೂರು ಸೀಮೆಯ ರೈತರಿಗೆಲ್ಲ ಪರಿಚಿತ. ತಿರುಮಕೂಡಲು ನರಸೀಪುರ ತಾಲೂಕಿನಲ್ಲಿ, ತಲಕಾಡಿಗೆ ಸಮೀಪ, ಕಾವೇರಿಯ ದಡದಲ್ಲಿ ಮಲ್ಲಿಕಾರ್ಜುನ ಸ್ವಾಮಿಯ ಬೆಟ್ಟವಿದೆ. ಸುಗ್ಗಿ ಮುಗಿದ ಮೇಲೆ ಅದರ ಬುಡದಲ್ಲಿ ಜಾತ್ರೆ ಸೇರುತ್ತದೆ. ಅಲ್ಲಿಗೆ ಎತ್ತು ಕೊಳ್ಳಲು ಬಂದ ರೈತ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಸುಳಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ದಲ್ಲಾಳಿಯ ಮಾತನ್ನು ಕೇಳಿಸಿಕೊಳ್ಳುತ್ತಾನೆ ನಿಜ, ಆದರೆ ಆ ಮಾತೊಂದನ್ನೇ ನಂಬಿ ದುಡ್ಡು ಬಿಚ್ಚುವುದಿಲ್ಲ.

ಅದೇ ರೈತನ ಮನೆಗೆ ಒಬ್ಬ ಬಂದು, ನಿಮ್ಮ ಮಗನಿಗೆ ರೈಲ್ವೆಯಲ್ಲಿ ಕೆಲಸ ಕೊಡಿಸುತ್ತೇನೆ, ದುಬೈಗೆ ಕಳುಹಿಸುತ್ತೇನೆ ಎಂದರೆ ಏನಾಗುತ್ತದೆ? ಹೆಂಡತಿಯ ಸರ ಗಿರವಿಗೆ ಹೋಗುತ್ತದೆ, ಬಡ್ಡಿಗೆ ಸಾಲ ಬರುತ್ತದೆ. ಕಂಪೆನಿ ಯಾವುದು, ಕಾಗದದಲ್ಲಿ ಏನು ಬರೆದಿದೆ ಎಂದು ವಿಚಾರಿಸುವವರು ಕಡಿಮೆ. ಇದಕ್ಕೆ ದಡ್ಡತನ ಕಾರಣವಲ್ಲ. ಎತ್ತು ಕಣ್ಣೆದುರು ನಿಂತಿರುತ್ತದೆ, ಕೆಲಸ ಎಲ್ಲೋ ದೂರದಲ್ಲಿರುತ್ತದೆ. ಆ ದೂರವೇ ಮಧ್ಯವರ್ತಿಯ ಬಂಡವಾಳ. ಈ ಬಂಡವಾಳಕ್ಕೆ ನೂರೈವತ್ತು ವರ್ಷಗಳಿಗೂ ಹೆಚ್ಚಿನ ಇತಿಹಾಸವಿದೆ. ಅದನ್ನು ತಿಳಿದರೆ ಇಂದಿನ ಮೋಸವನ್ನು ಗುರುತಿಸುವುದು ಸುಲಭವಾಗುತ್ತದೆ.

ಮುಂಗಡವೆಂಬ ಹಗ್ಗ

1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1850ರ ದಶಕದಿಂದ ಅಲ್ಲಿ ಯುರೋಪಿಯನ್ನರ ಕಾಫಿ ತೋಟಗಳು ಬೆಳೆದವು. ತೋಟಗಳಿಗೆ ಆಳು ಬೇಕಿತ್ತು. ಬಯಲುಸೀಮೆಯ ಹಳ್ಳಿಗಳಿಂದ ಆಳುಗಳನ್ನು ಕರೆತರುವ ಕೆಲಸ ಮೇಸ್ತ್ರಿಗಳದ್ದಾಯಿತು. ಮೇಸ್ತ್ರಿ ಹೊರಗಿನವನಾಗಿರುತ್ತಿರಲಿಲ್ಲ. ಅವನು ಊರಿನವನೋ, ಪಕ್ಕದ ಊರಿನವನೋ, ನೆಂಟನೋ ಆಗಿರುತ್ತಿದ್ದ. ಮನೆಯ ಕಷ್ಟ ಬಲ್ಲವನಾಗಿ, ಮುಂಗಡ ಕೊಟ್ಟು ಕರೆದೊಯ್ಯುತ್ತಿದ್ದ. 1876–78ರ ಮಹಾ ಬರಗಾಲದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದನೇ ಒಂದು ಪಾಲು ಜನ ಅಳಿದುಹೋದರು. ಅಂಥ ಕಾಲದಲ್ಲಿ ಕೈಗೆ ಬಂದ ಮುಂಗಡವನ್ನು ಬೇಡವೆನ್ನುವ ಶಕ್ತಿ ಯಾರಿಗಿತ್ತು?

ಎಲ್ಲ ಮೇಸ್ತ್ರಿಗಳೂ ಮೋಸಗಾರರಾಗಿರಲಿಲ್ಲ. ಆದರೆ ಕಾನೂನು ಮಾತ್ರ ಒಂದೇ ಕಡೆಗೆ ವಾಲಿತ್ತು. 1859ರಲ್ಲಿ ಬ್ರಿಟಿಷ್ ಸರ್ಕಾರ ಕೂಲಿಗಾರರ ಕರಾರು ಭಂಗದ ಕಾಯ್ದೆಯನ್ನು ತಂದಿತು. ಅದರ ಪ್ರಕಾರ ಮುಂಗಡ ಪಡೆದವನು ಕೆಲಸ ಬಿಟ್ಟರೆ ಮ್ಯಾಜಿಸ್ಟ್ರೇಟರು ಹಣ ಹಿಂದಿರುಗಿಸಲು ಅಥವಾ ಕೆಲಸಕ್ಕೆ ಮರಳಲು ಆಜ್ಞಾಪಿಸಬಹುದಿತ್ತು. ತಪ್ಪಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಕೆಲಸ ಬಿಟ್ಟ ಬಡವನಿಗೆ ಜೈಲು ಇತ್ತು, ಸುಳ್ಳು ಹೇಳಿ ಕರೆತಂದವನನ್ನು ಆ ಕಾಯ್ದೆ ಕೇಳುತ್ತಿರಲಿಲ್ಲ. 1925ರಲ್ಲಷ್ಟೇ ಅದನ್ನು ರದ್ದುಪಡಿಸುವ ಕಾಯ್ದೆ ಬಂತು.

ಅರ್ಧ ಸತ್ಯದ ಗಿರ್ಮಿಟ್

ಕಡಲಾಚೆಯ ಕಥೆ ಇದಕ್ಕಿಂತ ಕಠೋರ. 1834ರಿಂದ ಮಾರಿಷಸ್‌ಗೆ, 1879ರಿಂದ ಫಿಜಿಗೆ ಭಾರತದ ಕೂಲಿಗಳನ್ನು ಕರಾರಿನ ಮೇಲೆ ಸಾಗಿಸಲಾಯಿತು. ಫಿಜಿಗೆ ಹೋದವರೇ ಸುಮಾರು 60 ಸಾವಿರ. 1903ರಿಂದ ಮದ್ರಾಸಿನಿಂದಲೂ ಹಡಗುಗಳು ಹೊರಟವು. ಅಗ್ರಿಮೆಂಟ್ ಎಂಬ ಪದ ಕೂಲಿಗಳ ಬಾಯಲ್ಲಿ ಗಿರ್ಮಿಟ್ ಆಯಿತು. ಆಳು ಹಿಡಿಯುವ ದಲ್ಲಾಳಿಗೆ ಅರ್ಕಾಟಿ ಎಂಬ ಹೆಸರು ಬಂತು.

ಈಗಿನ ಉತ್ತರ ಪ್ರದೇಶದ ಫಿರೋಜಾಬಾದ್ ಬಳಿಯ ತೋತಾರಾಮ್ ಸನಾಢ್ಯ 1893ರಲ್ಲಿ ಕೆಲಸ ಹುಡುಕುತ್ತಾ ಅಲಹಾಬಾದಿಗೆ ಬಂದಾಗ ಅರ್ಕಾಟಿಯೊಬ್ಬನ ಕೈಗೆ ಸಿಕ್ಕರು. ದಿನಕ್ಕೆ 12 ಆಣೆ ಕೂಲಿಯ ಆಸೆ ತೋರಿಸಲಾಯಿತು. ಮ್ಯಾಜಿಸ್ಟ್ರೇಟರು ಏನು ಕೇಳಿದರೂ 'ಹೌದು' ಎನ್ನಬೇಕೆಂದು ಮೊದಲೇ ಹೇಳಿಕೊಡಲಾಗಿತ್ತು. ಹೀಗೆ ಫಿಜಿಗೆ ಹೋದ ಅವರು 21 ವರ್ಷ ಅಲ್ಲಿದ್ದು 1914ರಲ್ಲಿ ಮರಳಿದರು. ಅವರು ಹೇಳಿದ ಅನುಭವ ಹಿಂದಿಯಲ್ಲಿ ಪುಸ್ತಕವಾಗಿ ಬಂದು ಈ ಪದ್ಧತಿಯ ವಿರುದ್ಧದ ಹೋರಾಟಕ್ಕೆ ಬಲ ತಂದಿತು. 1917ರಲ್ಲಿ ಕರಾರು ಕೂಲಿಗಳ ನೇಮಕ ನಿಂತಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ 12 ಆಣೆ ಪೂರ್ತಿ ಸುಳ್ಳಾಗಿರಲಿಲ್ಲ. ಕೊಟ್ಟ ಕೆಲಸವನ್ನು ಪೂರ್ತಿ ಮುಗಿಸಿದರೆ ಮಾತ್ರ ಅಷ್ಟು ಕೂಲಿ ಎಂಬುದನ್ನು ಅರ್ಕಾಟಿ ಹೇಳುತ್ತಿರಲಿಲ್ಲ. ಕಾಗದವಿತ್ತು, ಮೊಹರಿತ್ತು, ಅಧಿಕಾರಿಯೂ ಇದ್ದ. ಓದಿ ತಿಳಿಯುವ ಅವಕಾಶ ಮಾತ್ರ ಕೂಲಿಗೆ ಇರಲಿಲ್ಲ. ಮೊಹರು ಇದ್ದ ಮಾತ್ರಕ್ಕೆ ಕಾಗದ ಸಾಚಾ ಆಗುವುದಿಲ್ಲ ಎಂಬ ಪಾಠ ಅಂದಿನದ್ದು.

ಸಾಲದ ದಿಕ್ಕು ಬದಲಾಯಿತು

1973ರಲ್ಲಿ ತೈಲದ ಬೆಲೆ ಏರಿದ ಬಳಿಕ ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸದ ಬಾಗಿಲು ತೆರೆಯಿತು. ಕರಾವಳಿಯಿಂದಲೂ ಒಳನಾಡಿನಿಂದಲೂ ಜನ ಹೋದರು. ಅನೇಕ ಮನೆಗಳು ಅದರಿಂದ ಎದ್ದು ನಿಂತದ್ದನ್ನು ನಾವು ಮರೆಯಬಾರದು. ಆದರೆ ಇಲ್ಲಿ ಒಂದು ತಿರುವು ಬಂತು. ಹಿಂದೆ ಮೇಸ್ತ್ರಿ ಆಳಿಗೆ ಹಣ ಕೊಡುತ್ತಿದ್ದ, ಈಗ ಆಳೇ ಏಜೆಂಟನಿಗೆ ಹಣ ಕೊಡಬೇಕಾಯಿತು. ಹಣ ಹರಿಯುವ ದಿಕ್ಕು ಬದಲಾದರೂ ಸಾಲಗಾರ ಮಾತ್ರ ಅವನೇ. ಊರಿನಲ್ಲಿ ಬಡ್ಡಿ ಬೆಳೆಯುತ್ತಿರುವಾಗ, ಹೇಳಿದ ಕೆಲಸ ಸಿಗದಿದ್ದರೂ ಹಿಂದಿರುಗುವ ಧೈರ್ಯ ಯಾರಿಗಿದೆ? ನಮ್ಮ ನಡುವೆ ಪ್ರಚಲಿತವಾದ 'ಆಜಾದ್ ವೀಸಾ' ಇದರ ಒಂದು ರೂಪ. ಹೆಸರು ಸ್ವಾತಂತ್ರ್ಯದ್ದು. ಆದರೆ ವೀಸಾ ಕೊಟ್ಟವನನ್ನು ಬಿಟ್ಟು ಅನುಮತಿಯಿಲ್ಲದೆ ಬೇರೆಡೆ ದುಡಿದರೆ ಕಾನೂನಿನ ಕಣ್ಣಿನಲ್ಲಿ ತಪ್ಪಿತಸ್ಥನಾಗುವವನು ಕೆಲಸಗಾರನೇ.

1983ರ ವಲಸೆ ಕಾಯ್ದೆ ವಿದೇಶಕ್ಕೆ ಜನರನ್ನು ಕಳುಹಿಸುವ ಏಜೆಂಟರಿಗೆ ನೋಂದಣಿ ಕಡ್ಡಾಯ ಮಾಡಿತು. ಅವರು ಪಡೆಯಬಹುದಾದ ಶುಲ್ಕಕ್ಕೂ ಮಿತಿ ಬಂತು. 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದೂ ರಸೀದಿಯೊಂದಿಗೆ ಎಂಬುದು ಆ ಕಾಯ್ದೆಯ ನಿಯಮ. ಇದು ತಿಳಿಯದೆ ಲಕ್ಷಗಟ್ಟಲೆ ಕೊಟ್ಟವರು ಎಷ್ಟೋ ಮಂದಿ.

ಹೊಸ ಅರ್ಕಾಟಿಗಳು

ಇಂದಿನ ಅರ್ಕಾಟಿ ಮೊಬೈಲಿನಲ್ಲಿದ್ದಾನೆ. ಕಲಬುರಗಿಯ ಕೆಲವು ಯುವಕರು ಭದ್ರತಾ ಕೆಲಸವೆಂದು ನಂಬಿ 2023ರ ಕೊನೆಯಲ್ಲಿ ರಷ್ಯಕ್ಕೆ ಹೋಗಿ ಉಕ್ರೇನ್ ಯುದ್ಧದ ಅಂಚಿಗೆ ತಳ್ಳಲ್ಪಟ್ಟರು. ಏಜೆಂಟನ ಜಾಹೀರಾತು ಯೂಟ್ಯೂಬಿನಲ್ಲಿತ್ತು. 2024ರ ಮಾರ್ಚಿನಲ್ಲಿ ಸಿಬಿಐ ಮೊಕದ್ದಮೆ ದಾಖಲಿಸಿತು, ಯುವಕರು ಸೆಪ್ಟೆಂಬರಿನಲ್ಲಿ ಮನೆಗೆ ಮರಳಿದರು. ಕಂಪ್ಯೂಟರ್ ಕೆಲಸವೆಂದು ಆಗ್ನೇಯ ಏಷ್ಯಕ್ಕೆ ಹೋದವರ ಪಾಡು ಇನ್ನೊಂದು ಬಗೆಯದು. ಅವರನ್ನು ಕೂಡಿಹಾಕಿ ಆನ್‌ಲೈನ್ ವಂಚನೆ ಮಾಡಿಸಲಾಯಿತು. ಮ್ಯಾನ್ಮಾರಿನ ಅಂಥ ಕೇಂದ್ರಗಳಿಂದ ಬಿಡುಗಡೆಯಾದ 549 ಭಾರತೀಯರನ್ನು 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಕರೆತರಲಾಯಿತು. ಮೋಸ ಹೋದವರನ್ನೇ ಮೋಸಕ್ಕೆ ಬಳಸುವ ಈ ಕ್ರೌರ್ಯ ಗಿರ್ಮಿಟ್ ಕಾಲದಲ್ಲೂ ಇರಲಿಲ್ಲ.

ದೇಶದೊಳಗಿನ ವಂಚನೆ ಚಿಕ್ಕದಾಗಿ ಕಾಣುತ್ತದೆ, ಆದರೆ ಮನೆ ಮುರಿಯಲು ಅಷ್ಟೇ ಸಾಕು. ನಂಜನಗೂಡಿನಂಥ ಕೈಗಾರಿಕಾ ಪ್ರದೇಶದ ಸುತ್ತಮುತ್ತ ಐಟಿಐ, ಡಿಪ್ಲೊಮಾ ಮುಗಿಸಿ ಕಾಯುತ್ತಿರುವ ಮಕ್ಕಳಿಗೆ ದೊಡ್ಡ ಕಂಪೆನಿಯ ಹೆಸರಿನ ನೇಮಕಪತ್ರ ವಾಟ್ಸ್‌ಆ್ಯಪಿನಲ್ಲಿ ಬಂದರೆ ಅದನ್ನು ಸಂಶಯಿಸುವ ಮನಸ್ಸಾಗುವುದಿಲ್ಲ. ಮರುದಿನ ಸಮವಸ್ತ್ರಕ್ಕೆ, ತರಬೇತಿಗೆ, ಠೇವಣಿಗೆ ಎಂದು ಹಣದ ಕರೆ ಬರುತ್ತದೆ.

ಹಲ್ಲು ನೋಡುವ ಬಗೆ

ಇಷ್ಟು ಇತಿಹಾಸದಿಂದ ನಾವು ಕಲಿಯಬೇಕಾದದ್ದು ಸರಳವಾಗಿದೆ. ಕೆಲಸ ಕೊಡುವವನು ಸಂಬಳ ಕೊಡುತ್ತಾನೆ, ಹಣ ಕೇಳುವುದಿಲ್ಲ. ಸರ್ಕಾರಿ ಹುದ್ದೆಗೆ ಪ್ರಕಟಣೆಯಿಂದಲೇ ಆರಂಭವಾಗುವ ದಾರಿಯಿದೆ, ಒಬ್ಬ ವ್ಯಕ್ತಿಯ ಕಿಸೆಯಿಂದ ಅದು ಬರುವುದಿಲ್ಲ. ಕಾಗದದಲ್ಲಿರುವ ದೂರವಾಣಿ ಸಂಖ್ಯೆಗೇ ಕರೆ ಮಾಡಿ ವಿಚಾರಿಸಿದರೆ ಪ್ರಯೋಜನವಿಲ್ಲ, ಅಲ್ಲಿ ಉತ್ತರಿಸುವವನು ಅವನೇ. ಕಂಪೆನಿಯ ಕಚೇರಿಯನ್ನು ನಾವೇ ಹುಡುಕಿ ಕೇಳಬೇಕು. ಹತ್ತಿರವಿದ್ದರೆ ಗೇಟಿನ ತನಕ ಹೋಗಿ ಬರಬೇಕು. ವಿದೇಶದ ಕೆಲಸವಾದರೆ ಏಜೆಂಟನ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಪ್ರವಾಸಿ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸುತ್ತೇವೆ ಎಂದರೆ ಅಲ್ಲಿಗೇ ನಿಲ್ಲಿಸಬೇಕು. ಕರಾರಿನ ಪ್ರತಿಯೊಂದು ಮನೆಯಲ್ಲಿರಲಿ. ಇಂದೇ ಹಣ ಕಟ್ಟು ಎಂಬ ಅವಸರವೂ ಮೋಸದ ಗುರುತೇ.

ಮೋಸ ಹೋದವರು ನಾಚಿ ಸುಮ್ಮನಾಗುವುದು ವಂಚಕನಿಗೆ ದೊಡ್ಡ ಅನುಕೂಲ. ಹಣ ಕಳೆದುಕೊಂಡ ಕೂಡಲೇ 1930ಕ್ಕೆ ಕರೆ ಮಾಡಬೇಕು, ಠಾಣೆಗೆ ಹೋಗಬೇಕು. ತೋತಾರಾಮರು ನಾಚಿ ಸುಮ್ಮನಿದ್ದಿದ್ದರೆ ಅರ್ಕಾಟಿಗಳ ಬಣ್ಣ ಅಷ್ಟು ಬೇಗ ಬಯಲಾಗುತ್ತಿರಲಿಲ್ಲ. ನೆರೆಯವರ, ನೆಂಟರ ಮಗ ಮೋಸ ಹೋದಾಗ ನಗುವ ಬದಲು ಅವನ ಮಾತನ್ನು ಕೇಳುವ, ಇತರರಿಗೆ ತಿಳಿಸುವ ಹೊಣೆ ನಮ್ಮೆಲ್ಲರದು. ಎತ್ತಿನ ಹಲ್ಲು ಎಣಿಸಲು ಅಪ್ಪ ಮಗನಿಗೆ ಕಲಿಸುತ್ತಾನೆ. ಕೆಲಸದ ಕಾಗದ ಪರೀಕ್ಷಿಸುವುದನ್ನೂ ಇಬ್ಬರೂ ಜೊತೆಗೂಡಿ ಕಲಿಯಲಿ.